ಗುಡುಗಕ್ಕನ ರಕ್ತ ಹುಳಿಯಾದದ್ದು

ಸಗಟು ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹೆಂಗಸರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಬೇಕಾಗುತ್ತಿತ್ತು. ಮಿಕ್ಕ ಹೊತ್ತಿಗೆ ಅಡ್ಡಹೆಸರು. ಗುಡುಗಕ್ಕನ ಅಡ್ಡಹೆಸರು ಗಂಟಲಿನಿಂದ ಹುಟ್ಟಿದ್ದು. ಮುಂದಿನ ಗೇಟಿನಲ್ಲಿ ನಿಂತು ಅವಳು "ದಾರಿ ಬಿಡ್ರೋ" ಅಂದರೆ ಹಿಂದಿನ ಗೇಟಿನಲ್ಲಿ ಲಾರಿ ಹಿಂದಕ್ಕೆ ಸರಿಯುತ್ತಿತ್ತು. ಗಂಡ ದರ್ಜಿ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೂರುವ ಕಸುಬು, ಹಾಗಾಗಿ ಮಾತು ಕಡಿಮೆ. ಒಂದು ಮನೆಗೆ ಒಂದು ಬಾಯಿ ಸಾಕೆಂದು ಇಬ್ಬರೂ ಮದುವೆಯಾದ ವರ್ಷವೇ ಒಪ್ಪಿಕೊಂಡಿದ್ದರು. ಯಾರ ಬಾಯಿ ಎಂಬ ಬಗ್ಗೆ ಚರ್ಚೆಯೇ ಆಗಿರಲಿಲ್ಲ.

ಮಾರುಕಟ್ಟೆಯಲ್ಲಿ ಹೆಂಗಸರಿಗೆ ಪಾಯಿಖಾನೆ ಬಂದದ್ದು ಅವಳಿಂದ. ಸಮಿತಿಯ ಕಚೇರಿ ಮುಂದೆ ಎಲ್ಲರೂ ಧರಣಿ ಕೂತಾಗ ಅಧ್ಯಕ್ಷರು ಹಿಂಬಾಗಿಲಿನಿಂದ ಜಾರಿಕೊಳ್ಳಲು ನೋಡಿದರು. ಹಿಂಬಾಗಿಲಲ್ಲಿ ಗುಡುಗಕ್ಕ ಕೂತಿದ್ದಳು.

"ಅರ್ಜೆಂಟಾ ಸ್ವಾಮಿ? ನಮಗೂ ಅರ್ಜೆಂಟೇ. ಅದಕ್ಕೇ ಬಂದಿದ್ದೀವಿ" ಅಂದಳು.

ಪಾಯಿಖಾನೆ ಬಂತು. ಬಾಗಿಲಿಗೆ ಚಿಲಕ ಬರಲು ಇನ್ನೊಂದು ಧರಣಿ ಬೇಕಾಯಿತು, ಅದು ಬೇರೆ ಮಾತು. ಈ ವಿದ್ಯೆಯನ್ನೆಲ್ಲ ಅವಳು ಕಲಿತದ್ದು ಕೂಲಿಕಾರರ ಸಂಘದ ಮುದುಕ ಮೇಸ್ತ್ರಿಯಿಂದ. ಆತ ಓದು ಬರಹ ಬಾರದ ಮನುಷ್ಯ, ಆದರೆ ಮೆರವಣಿಗೆಯಲ್ಲಿ ಕೈ ಎತ್ತುವುದನ್ನು ಮಗ್ಗಿಯ ಹಾಗೆ ಕಲಿಸುತ್ತಿದ್ದ. "ಹೆಬ್ಬೆರಳು ಹೊರಗಿರಲಿ. ಉಗುರು ಅಂಗೈಗೆ ನಾಟಲಿ. ಅರ್ಧ ಮುಷ್ಟಿ ಹಿಡಿಯೋನು ಅರ್ಧ ಕೂಲಿಗೆ ಒಪ್ಕೋತಾನೆ" ಎನ್ನುತ್ತಿದ್ದ. ಗುಡುಗಕ್ಕ ಅಂದಿನಿಂದ ಅರ್ಧ ಮುಷ್ಟಿ ಹಿಡಿದವಳಲ್ಲ.

ಇಂಥವಳು ತನ್ನ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಾಗ ಮಾತ್ರ ಬಾಯಿ ಬಿಡಲಿಲ್ಲ. ಪಾಯಿಖಾನೆಗೆ ಕೂಗುವುದು ಬೇರೆ, ತೊಡೆಸಂದಿಗೆ ಕೂಗುವುದು ಬೇರೆ. ಮೂಟೆ ಎತ್ತಿದಾಗ ಗಂಟು ಹೊರಗೆ ಬರುತ್ತಿತ್ತು, ಮಲಗಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಗಂಡನ ಹತ್ತಿರ ದಪ್ಪ ಬಟ್ಟೆಯ ಅಗಲವಾದ ಪಟ್ಟಿ ಹೊಲಿಸಿಕೊಂಡಳು. ಯಾಕೆ ಎಂದು ದರ್ಜಿ ಕೇಳಲಿಲ್ಲ. ಅಳತೆ ಮಾತ್ರ ಕೇಳಿದ. ಒಂದು ಬೆಳಿಗ್ಗೆ ಈರುಳ್ಳಿ ಮೂಟೆಯನ್ನು ಅಟ್ಟಿಯ ಮೇಲಕ್ಕೆ ಎಸೆಯುವಾಗ ಪಟ್ಟಿ ಸರಿಯಿತು, ಗಂಟು ಹೊರಗೆ ಬಂತು, ಮತ್ತೆ ಒಳಗೆ ಹೋಗಲೇ ಇಲ್ಲ. ಮಧ್ಯಾಹ್ನಕ್ಕೆ ವಾಂತಿ. ಜೊತೆಗಾರ್ತಿಯರು ಅವಳನ್ನು ತರಕಾರಿ ತಳ್ಳುಗಾಡಿಯ ಮೇಲೆಯೇ ಮಲಗಿಸಿ ಆಸ್ಪತ್ರೆಗೆ ನೂಕಿಕೊಂಡು ಹೋದರು. ನೋವಿನಲ್ಲೂ ಅವಳು "ದಾರಿ ಬಿಡ್ರೋ" ಅನ್ನುವುದನ್ನು ಬಿಡಲಿಲ್ಲವಂತೆ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳೇ ಹೆಸರಿಟ್ಟಳು. ಹೊಟ್ಟೆ ಕೊಯ್ಯುವವರು ಕತ್ತರಿ ಡಾಕ್ಟರು, ದರ್ಜಿಯ ಹೆಂಡತಿಗೆ ಬೇರೆ ಹೆಸರು ಎಲ್ಲಿಂದ ಹೊಳೆಯಬೇಕು? ಅರಿವಳಿಕೆ ಕೊಡುವ ಹೆಂಗಸು ನಿದ್ದೆ ಡಾಕ್ಟರಮ್ಮ. ಕತ್ತರಿ ಡಾಕ್ಟರು ಆಪರೇಷನ್ ಮುಗಿಸಿ ಹೊರಗೆ ಬಂದು ದರ್ಜಿಗೆ ಹೇಳಿದ್ದು ಇಷ್ಟು: ಹರ್ನಿಯಾದ ಕಿರಿದಾದ ಬಾಯಲ್ಲಿ ಒಂದು ಗೇಣು ಕರುಳು ಸಿಕ್ಕಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಬಿಡಿಸಿ, ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಕಾದರು. ನಿಧಾನವಾಗಿ ಕೆಂಪಾಯಿತು. ಹಾಗಾಗಿ ಕತ್ತರಿಸದೆ ಒಳಗೇ ಬಿಟ್ಟಿದ್ದಾರೆ.

"ಬಟ್ಟೆ ಉಳಿಸಿದ್ರಿ" ಅಂದ ದರ್ಜಿ.

"ಉಳಿಯುತ್ತೋ ಇಲ್ವೋ ನೋಡ್ಬೇಕು. ಒಳಗೆ ಬಿಟ್ಟಿದ್ದು ಸತ್ರೆ ಕೊಳೆಯುತ್ತೆ. ಹಾಗಾದ್ರೆ ಮತ್ತೆ ಬಿಚ್ಚಿ, ಆ ತುಂಡು ತೆಗೀಬೇಕು."

ಹೊಟ್ಟೆ ಮುಚ್ಚಿದ ಮೇಲೆ ಒಳಗಿನ ಕರುಳನ್ನು ಕಣ್ಣಲ್ಲಿ ನೋಡಲಾಗದು. ರಕ್ತದಲ್ಲಿ ಲ್ಯಾಕ್ಟೇಟ್ ಎಂಬುದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡಿ ಊಹಿಸಬೇಕು. ಗುಡುಗಕ್ಕನಿಗೆ ಎಚ್ಚರವಾದ ಮೇಲೆ ಡಾಕ್ಟರು ಅವಳಿಗೂ ಇದನ್ನು ಬಿಡಿಸಿ ಹೇಳಿದರು. ಅವರಿಗೆ ಬಿಡಿಸಿ ಹೇಳುವ ಚಪಲ ಇತ್ತು.

"ಮೂಟೆ ಹೊತ್ತು ಮೆಟ್ಟಿಲು ಹತ್ತಿದಾಗ ತೊಡೆ ಉರಿಯುತ್ತಲ್ಲ, ಯಾಕೆ ಗೊತ್ತಾ?"

"ಕೂಲಿ ಕಮ್ಮಿ ಕೊಡೋದಕ್ಕೆ."

ಡಾಕ್ಟರು ನಗಲೋ ಬೇಡವೋ ಎಂದು ನೋಡಿ, ನಕ್ಕರು. "ಅಲ್ಲಮ್ಮ. ಅಷ್ಟು ದುಡಿಯೋ ಮಾಂಸಕ್ಕೆ ಆಮ್ಲಜನಕ ಸಾಲಲ್ಲ. ಆಗ ಅದು ಗಾಳಿ ಇಲ್ಲದೇನೇ ಹೇಗೋ ಕೆಲಸ ಸಾಗಿಸುತ್ತೆ, ಒಂದು ಥರ ಹುಳಿ ಬಿಡುತ್ತೆ. ಕರುಳಿಗೂ ಹಾಗೇ. ಉಸಿರುಕಟ್ಟಿದ ತುಂಡು ರಕ್ತಕ್ಕೆ ಹುಳಿ ಬಿಡುತ್ತೆ."

"ಬೆರಳಿಗೆ ಈ ಕ್ಲಿಪ್ಪು ಕಚ್ಚಿಸಿದ್ದೀರಲ್ಲ? ಗಾಳಿ ತೊಂಬತ್ತೆಂಟು ಇದೆ, ಚೆನ್ನಾಗಿದೆ ಅಂತ ಸಿಸ್ಟರಮ್ಮ ಹೇಳಿದ್ರು."

"ಅದು ದೊಡ್ಡ ರಸ್ತೇಲಿ ಲಾರಿಗಳು ತುಂಬ್ಕೊಂಡು ಓಡ್ತಿವೆ ಅಂತ ಹೇಳುತ್ತೆ ಅಷ್ಟೇ. ಒಳಗಿನ ಓಣಿ ಅಂಗಡೀಲಿ ಸರಕು ಇಳೀತೋ ಇಲ್ವೋ ಅಂತ ಹೇಳಲ್ಲ."

ಇದು ಗುಡುಗಕ್ಕನಿಗೆ ತಟ್ಟನೆ ಅರ್ಥವಾಯಿತು. ಗೇಟು ದಾಟಿದ ಲಾರಿಯೆಲ್ಲ ಸರಕು ಇಳಿಸಿದ ಲಾರಿಯಲ್ಲ.

ಆಪರೇಷನ್ ಟೇಬಲ್ಲಿನ ಮೇಲೆ ಹುಳಿ ಆರರ ಹತ್ತಿರ ಇತ್ತು. ಐಸಿಯುನಲ್ಲಿ ಅವಳ ಮಣಿಕಟ್ಟಿನ ನಾಡಿಗೆ ಒಂದು ಸಣ್ಣ ನಳಿಕೆ ಇಟ್ಟಿದ್ದರು. ನಲ್ಲಿ ತಿರುಗಿಸಿದಂತೆ ಅದರಿಂದಲೇ ರಕ್ತ ತೆಗೆಯುತ್ತಿದ್ದರು. ಅವಳು ಮಂಪರಿನಲ್ಲಿ ಕೈ ಚೆಲ್ಲಿ ಮಲಗಿದ್ದಂತೆಯೇ ಹುಳಿ ಇಳಿಯುತ್ತ, ಇರಬೇಕಾದಂತೆ ಎರಡಕ್ಕಿಂತ ಕೆಳಗೆ ಬಂತು. ಡಾಕ್ಟರು ಖುಷಿಯಾಗಿ ನಳಿಕೆ ತೆಗೆಸಿ ವಾರ್ಡಿಗೆ ಕಳಿಸಿದರು.

ವಾರ್ಡಿನಲ್ಲಿ ರಕ್ತ ತೆಗೆಯುವವನು ಬೇರೆ. ತೆಳ್ಳಗಿನ, ಸದಾ ಓಡುವ ಮನುಷ್ಯ. ಮೂರು ವಾರ್ಡಿಗೂ ಅವನೊಬ್ಬನೇ. ಗುಡುಗಕ್ಕ ಅವನನ್ನು ಸೂಜಿ ತಮ್ಮ ಅಂದಳು. ಸೂಜಿ ತಮ್ಮ ಅವಳ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ನರ ಹುಡುಕಿ ಬೇಸತ್ತ.

"ಅಮ್ಮಾ, ನಿಮ್ಮ ನರ ಎಲ್ಲಾ ಬಚ್ಚಿಟ್ಕೊಂಡಿದೆ. ಮುಷ್ಟಿ ಕಟ್ಟಿ. ಬಿಚ್ಚಿ, ಕಟ್ಟಿ. ಇನ್ನೂ ಜೋರಾಗಿ."

ಮುಷ್ಟಿ ಕಟ್ಟು ಎಂದು ಅವಳಿಗೆ ಹೇಳಬೇಕೇ? ಹೆಬ್ಬೆರಳು ಹೊರಗೆ, ಉಗುರು ಅಂಗೈಗೆ. ಮಲಗಿದಲ್ಲೇ ಅವಳ ಮುಂಗೈ ಮೆರವಣಿಗೆ ಹೊರಟಿತು. ಮಾಂಸ ಹುರಿಗಟ್ಟಿತು, ನರ ಹಗ್ಗದಂತೆ ಎದ್ದಿತು.

"ಅಬ್ಬಾ! ಈ ವಾರ್ಡಲ್ಲಿ ಇಷ್ಟು ಚೆನ್ನಾಗಿ ಮುಷ್ಟಿ ಕಟ್ಟೋರು ಯಾರೂ ಇಲ್ಲಮ್ಮ" ಅಂದ ಸೂಜಿ ತಮ್ಮ.

"ಊರಲ್ಲೇ ಇಲ್ಲ ಕಣೋ" ಅಂದಳು.

ಆ ಸಲದ ಹುಳಿ ಮೂರು. ಡಾಕ್ಟರು ಹುಬ್ಬು ಗಂಟಿಕ್ಕಿದರು. ಸಂಜೆ ಮತ್ತೆ ತೆಗೆಸಿದರು. ರಕ್ತದಲ್ಲಿ ಹುಳಿ ಏರಿದೆ ಎಂಬ ಸುದ್ದಿ ಕೇಳಿ ಗುಡುಗಕ್ಕನಿಗೆ ರೋಷ ಬಂದಿತ್ತು. ರೋಷ ಬಂದರೆ ಅವಳ ಕೈ ಏನು ಮಾಡುತ್ತದೆಂದು ಮಾರುಕಟ್ಟೆ ಸಮಿತಿಯ ಅಧ್ಯಕ್ಷರಿಗೆ ಗೊತ್ತು, ಡಾಕ್ಟರಿಗೆ ಗೊತ್ತಿರಲಿಲ್ಲ. ಸಂಜೆಯ ಹುಳಿ ನಾಲ್ಕು. ಏರಿದಷ್ಟೂ ಹಟ, ಹಟ ಏರಿದಷ್ಟೂ ಮುಷ್ಟಿ, ಮುಷ್ಟಿ ಬಿಗಿದಷ್ಟೂ ಹುಳಿ. ಗಾಣದೆತ್ತು ಸುತ್ತಿದಂತೆ ಸುತ್ತುತ್ತಿತ್ತು, ಎಣ್ಣೆ ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ.

ಅವಳನ್ನು ನೋಡಿಕೊಳ್ಳಲು ಬಂದಿದ್ದ ನಾದಿನಿ ಈ ನಡುವೆ ತನ್ನದೇ ತನಿಖೆ ನಡೆಸಿದಳು. ಲ್ಯಾಕ್ಟೇಟ್ ಅಂದರೆ ಏನೆಂದು ಸಿಸ್ಟರನ್ನು ಕೇಳಿದ್ದಳು. ಪುರುಸೊತ್ತಿಲ್ಲದ ಸಿಸ್ಟರು "ಹಾಲು ಹುಳಿಯಾದಾಗ ಬರೋದೂ ಅದೇ ಜಾತಿದು" ಎಂದು ಹೇಳಿ ಓಡಿದ್ದಳು. ಅಷ್ಟು ಸಾಕಾಯಿತು.

"ನಾನು ಆವತ್ತೇ ಬಡ್ಕೊಂಡೆ ಅತ್ತಿಗೆ, ಅಷ್ಟೊಂದು ಮೊಸರು ತಿನ್ಬೇಡಿ ಅಂತ. ಈಗ ನೋಡಿ, ರಕ್ತವೇ ಮೊಸರಾಗಿದೆ."

"ಹಾಗಾದ್ರೆ ಕಡೆದು ಬೆಣ್ಣೆ ತೆಗಿ ಹೋಗು. ನಿನ್ನ ಅಣ್ಣನಿಗೆ ರೊಟ್ಟಿಗೆ ಆಗುತ್ತೆ."

"ತಮಾಷೆ ಬೇಡ ಅತ್ತಿಗೆ. ಇನ್ಮೇಲೆ ನಿಮಗೆ ಹಾಲೂ ಇಲ್ಲ, ಮೊಸರೂ ಇಲ್ಲ."

"ಎರಡು ದಿನದಿಂದ ಇವರು ಗುಟುಕು ನೀರು ಬಿಟ್ರೆ ಏನೂ ಕೊಟ್ಟಿಲ್ಲ. ನೀನು ಯಾವ ಹಾಲು ನಿಲ್ಲಿಸ್ತೀಯೆ?"

ದರ್ಜಿ ಮೂಲೆಯ ಸ್ಟೂಲಿನಲ್ಲಿ ಕೂತು ಇಬ್ಬರನ್ನೂ ಕೇಳಿಸಿಕೊಳ್ಳುತ್ತಿದ್ದ. ಅವನ ಬಾಯಲ್ಲಿ ಗುಂಡುಪಿನ್ನು ಇಲ್ಲದಿದ್ದರೂ ಇದ್ದಂತೆಯೇ ಕೂತಿದ್ದ.

ಮರುದಿನ ಬೆಳಿಗ್ಗೆ ಹುಳಿ ಐದಾಯಿತು. ಕತ್ತರಿ ಡಾಕ್ಟರು ಹೊಟ್ಟೆಯನ್ನು ಮೂಲೆ ಮೂಲೆಯೂ ಒತ್ತಿ ನೋಡಿದರು.

"ನೋವಿದೆಯಾ?"

"ನೀವು ಒತ್ತಿದ್ರೆ ಇದೆ. ಬಿಟ್ರೆ ಇಲ್ಲ."

ಜ್ವರ ಇಲ್ಲ, ಹೊಟ್ಟೆ ಮೆತ್ತಗಿದೆ, ಮೂತ್ರ ಸರಿಯಾಗಿ ಆಗುತ್ತಿದೆ. ಸ್ಕ್ಯಾನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಆದರೆ ರಕ್ತ ಮಾತ್ರ ಒಂದೇ ಸಮ ಕೂಗುತ್ತಿತ್ತು. ಸಾಯುವ ಕರುಳು ಕೆಲವೊಮ್ಮೆ ಸದ್ದಿಲ್ಲದೆ ಸಾಯುತ್ತದೆ ಎಂದು ಡಾಕ್ಟರಿಗೆ ಗೊತ್ತಿತ್ತು, ಒಮ್ಮೆ ಕಾದು ಕೆಟ್ಟಿದ್ದರು ಕೂಡ. ಮಧ್ಯಾಹ್ನ ಮತ್ತೆ ಹೊಟ್ಟೆ ತೆರೆಯುವುದೆಂದು ತೀರ್ಮಾನಿಸಿದರು.

"ಆ ತುಂಡು ಕೆಟ್ಟಿದ್ರೆ ಕತ್ತರಿಸ್ತೀವಿ. ಜೋಡಿಸೋಕೆ ಆಗದಿದ್ರೆ ಕರುಳಿನ ಬಾಯಿ ಹೊಟ್ಟೆ ಮೇಲೆ ತೆಗೆದು ಒಂದು ಚೀಲ ಕಟ್ತೀವಿ."

"ಎಷ್ಟು ದಿನಕ್ಕೆ?"

"ಕೆಲವು ತಿಂಗಳು. ಕೆಲವರಿಗೆ ಯಾವಾಗಲೂ."

"ಚೀಲ ಹೊರೋದೇ ನನ್ನ ಕಸುಬು ಡಾಕ್ಟ್ರೇ. ಆದ್ರೆ ಬೆನ್ನ ಮೇಲೆ" ಅಂದಳು.

ಡಾಕ್ಟರು ಹೋದ ಮೇಲೆ ಆ ನಗು ಅವಳ ಮುಖದಲ್ಲಿ ಉಳಿಯಲಿಲ್ಲ. ಹೊಟ್ಟೆಗೆ ಚೀಲ ಕಟ್ಟಿಕೊಂಡು ಮೂಟೆ ಎತ್ತಲಾಗದು. ಮೂಟೆ ಎತ್ತದಿದ್ದರೆ ಮಾರುಕಟ್ಟೆಯಲ್ಲಿ ಅವಳಿಗೆ ಕೂಗುವ ಹಕ್ಕೂ ಇಲ್ಲ. ಹಾಗೆಂದು ಸಮಿತಿಯೇನೂ ಹೇಳಿರಲಿಲ್ಲ, ಅವಳ ಲೆಕ್ಕಾಚಾರವೇ ಹಾಗಿತ್ತು. ಇನ್ನೊಂದು ಭಯ ಇದಕ್ಕಿಂತ ಸರಳ: ಇನ್ನೊಮ್ಮೆ ಮಲಗಿಸಿದರೆ ಏಳುತ್ತೇನೋ ಇಲ್ಲವೋ.

"ರೀ" ಅಂದಳು ಗಂಡನಿಗೆ, ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದ್ದು ಕೇಳಿ ಪಕ್ಕದ ಹಾಸಿಗೆಯವಳು ತಲೆಯೆತ್ತಿ ನೋಡಿದಳು. "ನಾನು ಹೋದ್ರೆ ನಿಮ್ಮ ತಂಗೀನ ಮನೆಗೆ ತರಬೇಡಿ. ಬೆಳಿಗ್ಗೆಯಿಂದ ಸಂಜೆವರೆಗೆ ಮೊಸರಿನ ವಿಷಯಾನೇ ಕೇಳ್ಬೇಕಾಗುತ್ತೆ."

"ನೀನು ಎಲ್ಲೂ ಹೋಗಲ್ಲ. ನಿನ್ನನ್ನ ಅಲ್ಲಿ ಯಾರು ಸೇರಿಸ್ಕೋತಾರೆ?" ಅಂದ ದರ್ಜಿ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ನೀರಿನ ಲೋಟವನ್ನು ಸಿಸ್ಟರು ಎತ್ತಿಕೊಂಡು ಹೋದಳು. ಆಪರೇಷನ್‌ಗೆ ಮುಂಚೆ ಬಾಯಿಗೆ ಏನೂ ಹಾಕುವಂತಿಲ್ಲ. ನಿದ್ದೆ ಡಾಕ್ಟರಮ್ಮ ಪರೀಕ್ಷೆಗೆ ಬಂದರು. ಎದೆ ಕೇಳಿ, ಬಾಯಿ ತೆರೆಸಿ ನೋಡಿ, ಹಳೆಯ ರಿಪೋರ್ಟುಗಳನ್ನು ತಿರುವಿ ಹಾಕಿದರು.

"ಐಸಿಯುನಲ್ಲಿ ಚೆನ್ನಾಗಿ ಇಳಿದಿತ್ತಲ್ಲ. ವಾರ್ಡಿಗೆ ಬಂದ ದಿನದಿಂದಾನೇ ಏರಿದೆ. ಇರಲಿ, ಒಳಗೆ ಕರ್ಕೊಂಡು ಹೋಗೋ ಮುಂಚೆ ಇನ್ನೊಂದು ಸಲ ರಕ್ತ ತೆಗೀಲಿ" ಅಂದರು.

ಸೂಜಿ ತಮ್ಮ ಓಡಿ ಬಂದ. ಪಟ್ಟಿ ಬಿಗಿದ. "ಅಮ್ಮಾ, ಹಾಕಿ ನಿಮ್ಮ ಮುಷ್ಟಿ!"

ಸಾವಿಗೂ ಚೀಲಕ್ಕೂ ಸೇರಿಸಿ ಗುಡುಗಕ್ಕ ಆವತ್ತು ಹಾಕಿದ್ದು ಜೀವಮಾನದ ಮುಷ್ಟಿ. ಕಟ್ಟಿದಳು, ಬಿಚ್ಚಿದಳು, ಕಟ್ಟಿದಳು. ತೋಳಿನ ಮಾಂಸಖಂಡ ಮೊಲದಂತೆ ಮೇಲಕ್ಕೆ ಕೆಳಕ್ಕೆ ಓಡಾಡಿತು. ಮಂಚ ಕಿರುಗುಟ್ಟಿತು. ನಿದ್ದೆ ಡಾಕ್ಟರಮ್ಮ ಹಾಸಿಗೆಯ ಕಾಲ ಬಳಿ ನಿಂತವರು ತಡೆಯಲು ಹೊರಟು, ತಡೆದುಕೊಂಡರು. ಸೂಜಿ ತಮ್ಮ ರಕ್ತ ತೆಗೆದು ಮುಗಿಸುವವರೆಗೂ ಆ ಮುಷ್ಟಿಯನ್ನೇ ನೋಡಿದರು.

"ಅಮ್ಮಾ, ಪ್ರತಿ ಸಲವೂ ಹೀಗೇನಾ?" ಎಂದರು ಡಾಕ್ಟರಮ್ಮ.

"ಬೆಳಿಗ್ಗೆ ಇಷ್ಟು ಜೋರಿರಲಿಲ್ಲ. ಸುಸ್ತಿತ್ತು" ಎಂದಳು ಗುಡುಗಕ್ಕ, ಕೊಂಚ ನಾಚಿಕೊಂಡು.

"ಪಟ್ಟಿ ಎಷ್ಟು ಹೊತ್ತು ಇರುತ್ತೆ?" ಇದು ಸೂಜಿ ತಮ್ಮನಿಗೆ.

"ನರ ಸಿಗೋವರೆಗೂ ಮೇಡಂ" ಅಂದವನ ಮುಖ ಅಲ್ಲಿಗೇ ಬಿಳಿಚಿತು. ಕಲಿತಿದ್ದ ಪಾಠ ನೆನಪಾಗಿತ್ತು.

ನಿದ್ದೆ ಡಾಕ್ಟರಮ್ಮ ಮಂಚದ ಅಂಚಿಗೆ ಕೂತರು. ಅವರ ತುಟಿ ನಗುವನ್ನು ತಡೆಯಲು ಒದ್ದಾಡುತ್ತಿತ್ತು. "ನೋಡಿ, ಪಟ್ಟಿ ಬಿಗಿದ್ರೆ ಈ ತೋಳಿನ ರಕ್ತ ಅಲ್ಲೇ ನಿಂತ್ಕೊಳ್ಳುತ್ತೆ. ಅದರ ಮೇಲೆ ನೀವು ಹೀಗೆ ಗುದ್ದಾಡಿದ್ರೆ ಇಲ್ಲಿನ ಮಾಂಸವೇ ಹುಳಿ ಬಿಡುತ್ತೆ. ನಾವು ಈ ತೋಳಿನ ಹುಳಿ ಅಳೆದು, ಹೊಟ್ಟೆ ಕೊಯ್ಯೋಕೆ ಹೊರಟಿದ್ದೀವೇನೋ."

ಗುಡುಗಕ್ಕ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. "ನನ್ನ ಕೈಯೇ ನನಗೆ ದ್ರೋಹ ಮಾಡ್ತಾ?"

"ದ್ರೋಹ ಅಲ್ಲ. ಓವರ್‌ಟೈಮು."

"ಹಾಗಾದ್ರೆ ಆಪರೇಷನ್ ಇಲ್ವಾ?"

"ಹಾಗನ್ನಲಿಲ್ಲ. ಕರುಳೂ ಕೆಟ್ಟಿರಬಹುದು. ನೀವು ಅರ್ಧ ಗಂಟೆ ಈ ಕೈ ಬಿಚ್ಚಿಟ್ಕೊಂಡು ಸುಮ್ಮನೆ ಮಲಗಿ. ಆಮೇಲೆ ಪಟ್ಟಿ ಇಲ್ಲದೆ, ಮಣಿಕಟ್ಟಿನ ನಾಡಿಯಿಂದ ನಾನೇ ತೆಗೀತೀನಿ. ಅದೂ ಏರಿದ್ರೆ ನೇರ ಒಳಗೆ. ಇನ್ನೊಂದು ಮಾತು, ನಾಡಿಗೆ ಚುಚ್ಚಿದ್ರೆ ನೋವು ಜಾಸ್ತಿ. ಆದ್ರೂ ಮುಷ್ಟಿ ಕಟ್ಟಬಾರದು."

ಗುಡುಗಕ್ಕನಿಗೆ ಅದುವರೆಗೆ ಯಾರೂ ಇಷ್ಟು ಕಷ್ಟದ ಕೆಲಸ ಹೇಳಿರಲಿಲ್ಲ. ಎರಡು ಉಸಿರು ಬಿಡುವಷ್ಟರಲ್ಲಿ ಬೆರಳು ತಾನಾಗಿ ಮಡಚಿಕೊಂಡಿತು. ನಾದಿನಿ ಬಿಡಿಸಿದಳು. ಮತ್ತೆ ಮಡಚಿತು. ಚೀಲದ ಯೋಚನೆ ಬಂದರೆ ಮಡಚುತ್ತಿತ್ತು, ಬಾರದಿದ್ದರೂ ಮಡಚುತ್ತಿತ್ತು.

"ಅತ್ತಿಗೆ, ಬಿಡಿ ಅಂದ್ರೆ ಬಿಡಿ!"

"ನಾನು ಬಿಟ್ಟಿದ್ದೀನಿ ಕಣೇ, ಅದು ಬಿಡ್ತಿಲ್ಲ!"

ಆಗ ದರ್ಜಿ ಸ್ಟೂಲು ಎಳೆದುಕೊಂಡು ಹತ್ತಿರ ಬಂದ. ತನ್ನ ದಪ್ಪ ಗಾಜಿನ ಕನ್ನಡಕ ತೆಗೆದು, ಕಾಲು ಬಿಡಿಸಿ, ಅವಳ ಬೆರಳುಗಳ ಮೇಲೆ ಅಡ್ಡಲಾಗಿ ಇಟ್ಟ.

"ಇದು ಒಡೆದ್ರೆ ನನಗೆ ಸೂಜಿಕಣ್ಣು ಕಾಣಲ್ಲ. ಗುಂಡಿ ಹೊಲಿಯೋಕೆ ನೀನೇ ಕೂರಬೇಕು" ಅಂದ.

ಗುಂಡಿ ಹೊಲಿಯುವುದೆಂದರೆ ಗುಡುಗಕ್ಕನಿಗೆ ಮಾರುಕಟ್ಟೆ ಸಮಿತಿಗಿಂತ ದ್ವೇಷ. ಬೆರಳುಗಳು ಬಾಳೆ ಎಲೆಯಂತೆ ಬಿಚ್ಚಿಕೊಂಡು ಹಾಗೇ ನಿಂತವು. ಕನ್ನಡಕವಿಲ್ಲದ ದರ್ಜಿ ಗೋಡೆಯನ್ನು ಹೆಂಡತಿಯೆಂದು ತಿಳಿದು ಅದರತ್ತ ತಿರುಗಿ ಕೂತ. ಅವಳಿಗೆ ನಗು ಬಂದರೂ ನಗುವಂತಿಲ್ಲ, ಹೊಲಿಗೆ ಎಳೆಯುತ್ತದೆ.

ಅರ್ಧ ಗಂಟೆಯ ಮೇಲೆ ಡಾಕ್ಟರಮ್ಮ ಮಣಿಕಟ್ಟಿಗೆ ಸೂಜಿ ಇಳಿಸಿದರು. ಗುಡುಗಕ್ಕ ಕೂಗಿದ ಕೂಗಿಗೆ ಎದುರು ವಾರ್ಡಿನಲ್ಲಿ ಯಾರೋ ಟ್ರೇ ಬೀಳಿಸಿದರು. ಬೆರಳು ಮಾತ್ರ ಅಲುಗಲಿಲ್ಲ. ಗಂಟಲಿಗೆ ಯಾರೂ ಷರತ್ತು ಹಾಕಿರಲಿಲ್ಲವಲ್ಲ.

ಎರಡೂ ರಕ್ತ ಒಟ್ಟಿಗೆ ಯಂತ್ರಕ್ಕೆ ಹೋದವು. ಅಷ್ಟರಲ್ಲಿ ಥಿಯೇಟರಿನವರು ಗಾಲಿ ಮಂಚ ತಂದು ಬಾಗಿಲಲ್ಲಿ ನಿಲ್ಲಿಸಿಯಾಗಿತ್ತು. ಅದರ ಹಸಿರು ಹೊದಿಕೆಯನ್ನು ನೋಡುತ್ತ ಮೂವರೂ ಕಾದರು. ನಾದಿನಿಯೂ ಮೊಸರಿನ ಮಾತೆತ್ತಲಿಲ್ಲ.

ಕತ್ತರಿ ಡಾಕ್ಟರು ತಾವೇ ಚೀಟಿ ಹಿಡಿದು ಬಂದರು. ಮುಷ್ಟಿಯ ರಕ್ತದಲ್ಲಿ ಹುಳಿ ಐದೂವರೆ, ಬಿಚ್ಚಿದ ಕೈಯದರಲ್ಲಿ ಒಂದೂಕಾಲು. ಒಂದೇ ಮೈ, ಒಂದೇ ಮಧ್ಯಾಹ್ನ.

"ನಿಮ್ಮ ಕರುಳು ಚೆನ್ನಾಗಿದೆ. ಸಂಜೆ ಇನ್ನೊಂದು ಸಲ ಹೀಗೇ ತೆಗೆದು ನೋಡ್ತೀವಿ. ಈಗ ಒಳಗೆ ಹೋಗೋದು ಬೇಡ" ಅಂದು, ಸೂಜಿ ತಮ್ಮನ ಕಡೆ ತಿರುಗಿದರು. "ಮುಷ್ಟಿ ಕಟ್ಟಿಸಿ ಲ್ಯಾಕ್ಟೇಟ್ ತೆಗೀಬಾರದು ಅಂತ ಗೊತ್ತಿಲ್ವಾ ನಿನಗೆ?"

"ಅವನನ್ನ ಬೈಬೇಡಿ" ಗುಡುಗಕ್ಕನ ಗಂಟಲು ಪೂರ್ತಿ ವಾಪಸು ಬಂದಿತ್ತು. "ಮೂರು ವಾರ್ಡಿಗೆ ಒಬ್ಬನೇ ಓಡ್ತಾನೆ. ನರ ಹುಡುಕ್ತಾ ಕೂರೋಕೆ ಪುರುಸೊತ್ತು ಕೊಟ್ಟಿದ್ದೀರಾ? ಇನ್ನೊಬ್ಬನ್ನ ಹಾಕಿ, ಆಮೇಲೆ ಬೈರಿ. ಅವನೇನೋ ಮುಷ್ಟಿ ಕಟ್ಟು ಅಂದ. ಐದು ಅಂತ ಬಂದಾಗ ನೀವು ಯಾರಾದ್ರೂ ಬಂದು ಹೆಂಗೆ ತೆಗೀತಾರೆ ಅಂತ ನೋಡಿದ್ರಾ?"

"ನಾನು ನೋಡಬೇಕಿತ್ತು" ಎಂದರು ಕತ್ತರಿ ಡಾಕ್ಟರು. ನೆಟ್ಟಗೆ ಒಪ್ಪಿಕೊಂಡ ಮೇಲೆ ಜಗಳವಾಡಲು ಏನೂ ಉಳಿಯಲಿಲ್ಲ. ಅದರಿಂದ ಅವಳಿಗೆ ಕೊಂಚ ನಿರಾಸೆಯೇ ಆಯಿತು.

ಆ ಕ್ಷಣದಲ್ಲೇ ಕರುಳು ತನ್ನ ಹೇಳಿಕೆಯನ್ನು ತಾನೇ ಕೊಟ್ಟಿತು. ಹೊದಿಕೆಯ ಒಳಗಿನಿಂದ ಉದ್ದವಾದ, ಅನುಮಾನಕ್ಕೆಡೆಯಿಲ್ಲದ ಒಂದು ಹೂಸು ಹೊರಟು ವಾರ್ಡಿನ ಆ ತುದಿ ಮುಟ್ಟಿತು. ನಾದಿನಿ ಸೆರಗಿನಿಂದ ಮೂಗು ಮುಚ್ಚಿಕೊಂಡು "ಥೂ ಅತ್ತಿಗೆ, ಡಾಕ್ಟರ ಮುಂದೆ!" ಅಂದಳು. ಡಾಕ್ಟರ ಮುಖ ಮಾತ್ರ ದೀಪ ಹಚ್ಚಿದಂತಾಯಿತು. ಕೊಯ್ದ ಹೊಟ್ಟೆಯವರಿಂದ ಅವರು ಕೇಳಲು ಕಾಯುವ ಸದ್ದು ಅದೊಂದೇ. ನಡೆಯುತ್ತಿರುವ ಕರುಳು ಮಾತ್ರ ಹಾಗೆ ಕೂಗಬಲ್ಲದು.

"ಭೇಷ್! ಗಾಲಿ ಮಂಚ ವಾಪಸು ಒಯ್ಯಿರಿ. ಇವರಿಗೆ ಎರಡು ಚಮಚ ನೀರು ಕೊಡಿ" ಎಂದರು.

"ಎರಡು ಚಮಚಾನಾ? ಒಂದು ಲೋಟ."

"ನಾಲ್ಕು ಚಮಚ."

"ಮುಕ್ಕಾಲು ಲೋಟ. ಹೊಟ್ಟೆ ನನ್ನದು."

"ಹೊಲಿಗೆ ನನ್ನದು. ಕಾಲು ಲೋಟ, ಗುಟುಕು ಗುಟುಕಾಗಿ."

"ಅರ್ಧ. ಗುಟುಕು ಗುಟುಕಾಗಿ."

ಡಾಕ್ಟರು ಸಿಸ್ಟರ ಮುಖ ನೋಡಿದರು, ಸಿಸ್ಟರು ಸೂರು ನೋಡಿದಳು. ಅರ್ಧ ಲೋಟಕ್ಕೆ ಒಪ್ಪಂದವಾಯಿತು. ಗುಡುಗಕ್ಕ ದಿಂಬಿಗೆ ಒರಗಿ ಲೋಟ ತೆಗೆದುಕೊಂಡಳು. ಮಾತಿಗೆ ತಪ್ಪದೆ, ಒಂದೊಂದೇ ಗುಟುಕು, ಕಣ್ಣು ಮುಚ್ಚಿ ಕುಡಿದಳು.